ಅಳತೆಯ ಗಿಡ

ನಾನು ಮಾಲಿಯಾಗಿ ದುಡಿದಷ್ಟು ವರ್ಷವೂ ಒಬ್ಬ ಮನುಷ್ಯನ ಮೇಲೆ ಹೊಟ್ಟೆ ಉರಿದುಕೊಂಡೇ ದುಡಿದೆ. ಅವನ ಹೆಸರು ಹುಲುಗಪ್ಪ, ಊರು ಕುರುಗೋಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಈ ಕೆಲಸಕ್ಕೆ ಬರುವವರು ನನ್ನ ಹತ್ತಿರ ಬಂದು ಮಣ್ಣು ಹೇಗಿರಬೇಕು, ನೀರು ಎಷ್ಟು ಬಿಡಬೇಕು ಎಂದೆಲ್ಲ ಕೇಳುತ್ತಾರೆ. ಇನ್ನೊಬ್ಬ ಮಾಲಿಯ ಗಿಡ ನಮ್ಮ ಗಿಡಕ್ಕಿಂತ ಚೆಂದ ಬಂದಾಗ ಏನು ಮಾಡಬೇಕು ಎಂದು ಯಾರೂ ಕೇಳುವುದಿಲ್ಲ. ನನಗೆ ಹೆಚ್ಚು ಅನುಭವ ಇರುವುದು ಅದರಲ್ಲೇ.

ನಾನು, ಹುಲುಗಪ್ಪ ಇಬ್ಬರೂ ಬಳ್ಳಾರಿಯ ಒಂದು ಸರಕಾರಿ ಬಂಗಲೆಯ ತೋಟಕ್ಕೆ ಒಟ್ಟಿಗೆ ಸೇರಿದವರು. ನಮ್ಮ ಮೇಲೆ ಸುಬ್ಬರಾಯುಡು ಎಂಬ ಮೇಸ್ತ್ರಿ ಇದ್ದರು. ತೆಲುಗು ಮನೆಮಾತಿನವರು. ಬೈಯುವಾಗ ತೆಲುಗು, ಕಲಿಸುವಾಗ ಕನ್ನಡ. ಹೊಗಳುವುದಕ್ಕೆ ಅವರಿಗೆ ಯಾವ ಭಾಷೆಯೂ ಬರುತ್ತಿರಲಿಲ್ಲ. ಬಂಗಲೆಯ ದಾರಿಯ ಎರಡೂ ಬದಿಗೆ ಸಾಲುಗಿಡಗಳಿದ್ದವು. ಅವನ್ನು ಸವರುವುದಕ್ಕೆ ಮೇಸ್ತ್ರಿಯದೊಂದು ಕ್ರಮವಿತ್ತು. ಸಾಲಿನ ಮೊದಲ ಗಿಡವನ್ನು ಒಬ್ಬನೇ ಕೂತು ಪೂರ್ತಿ ಸವರಬೇಕು. ಅದೇ ಅಳತೆಯ ಗಿಡ. ಅದು ಮುಗಿಯುವ ತನಕ ಬೇರೆ ಯಾರೂ ಕತ್ತರಿ ಮುಟ್ಟುವಂತಿಲ್ಲ. ಆಮೇಲೆ ಉಳಿದವರು ಅದನ್ನೇ ನೋಡಿಕೊಂಡು ಮಿಕ್ಕ ಗಿಡಗಳನ್ನು ಸವರಬೇಕು. ದಾರವಿಲ್ಲ, ಟೇಪಿಲ್ಲ, ಕಣ್ಣೇ ಅಳತೆ. ಅಳತೆಯ ಗಿಡ ಸೊಟ್ಟಗಾದರೆ ಇಡೀ ಸಾಲು ಸೊಟ್ಟ. ಅದಕ್ಕೇ ಅದನ್ನು ಯಾರಿಗೆ ಕೊಡುತ್ತಾರೆ ಎನ್ನುವುದು ನಮ್ಮಲ್ಲಿ ದೊಡ್ಡ ಮಾತು.

ಮೇಸ್ತ್ರಿ ಪ್ರತಿ ಸಲವೂ ಅದನ್ನು ಹುಲುಗಪ್ಪನಿಗೇ ಕೊಟ್ಟರು. ನಾನು ಅವನಿಗಿಂತ ಬೇಗ ಸವರುತ್ತಿದ್ದೆ. ನನ್ನ ಕತ್ತರಿಯ ಬಾಯಿ ಅವನದಕ್ಕಿಂತ ಹರಿತ ಇರುತ್ತಿತ್ತು. ಆದರೂ ಮೇಸ್ತ್ರಿ ಬೆಳಿಗ್ಗೆ ಬೀಡಿ ಮುಗಿಸಿ, "ಒರೇ ಹುಲುಗಾ, ಅಳತಿ ಗಿಡ ನೀ ತಗೋ" ಎನ್ನುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿಕೊಳ್ಳುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ನನಗ್ಯಾಕ ಕೊಡಂಗಿಲ್ರೀ ಮೇಸ್ತ್ರಿ? ನನ್ನ ಕೈಯಾಗ ಏನ್ ಕಮ್ಮಿ ಐತಿ?"

"ಕೈ ಚಲೋ ಐತಿ ಬಿಡು," ಅಂದರು ಮೇಸ್ತ್ರಿ. "ನಿನ್ನ ಕಣ್ಣು ಪಕ್ಕದೋನ ಗಿಡದ ಮ್ಯಾಲ ಇರ್ತೈತಿ. ಅಳತಿ ಗಿಡ ಸವರೋನಿಗೆ ಪಕ್ಕಕ್ಕ ನೋಡಾಕ ಏನೂ ಇರಂಗಿಲ್ಲ. ನೀ ಏನ್ ನೋಡಿ ಸವರ್ತಿ?"

ಈ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಮೇಸ್ತ್ರಿ ಕೆಲಸ ಬಿಟ್ಟು ಹೋಗುವ ದಿನ ತಮ್ಮ ಹಳೆಯ ದೊಡ್ಡ ಕತ್ತರಿಯನ್ನೂ ಹುಲುಗಪ್ಪನಿಗೇ ಕೊಟ್ಟರು. ನನಗೆ ನೀರಿನ ಝಾರಿ ಕೊಟ್ಟರು. ಅದರ ತಳದಲ್ಲಿ ತೂತಿತ್ತು.

ಮೇಲಧಿಕಾರಿಗಳ ವಿಷಯ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಮೇಸ್ತ್ರಿ ಹೋದ ಮೇಲೆ ಬಂಗಲೆಗೆ ಒಬ್ಬ ಸಾಹೇಬರು ಬಂದರು. ನಾಳೆ ದೊಡ್ಡವರು ಬರುತ್ತಾರೆ, ಇವತ್ತು ಮಧ್ಯಾಹ್ನವೇ ಗಿಡ ಸವರಿ ಚೊಕ್ಕ ಮಾಡಿ ಎಂದರು. ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನ ಮನುಷ್ಯರೇ ಹೊರಗೆ ನಿಲ್ಲುವುದಿಲ್ಲ. ಆ ಬಿಸಿಲಲ್ಲಿ ಸವರಿದರೆ ಒಳಗೆ ನೆರಳಲ್ಲಿದ್ದ ಎಳೆ ಎಲೆ ಒಮ್ಮೆಲೇ ಬಿಸಿಲಿಗೆ ಬಿದ್ದು ಸುಟ್ಟುಹೋಗುತ್ತದೆ. ಹುಲುಗಪ್ಪ ಕೈ ಕಟ್ಟಿ ನಿಂತು, "ಸಂಜಿ ಮುಂದ ಮಾಡ್ತೀನ್ರೀ ಸಾಹೇಬ್ರ, ಈಗ ಮಾಡಿದ್ರ ನಾಳಿ ಹೊತ್ತಿಗೆ ಕಂದು ಹಿಡಿತಾವ" ಎಂದ. ನಾನು ಅವನನ್ನು ಹಿಂದೆ ಹಾಕುವ ಅವಕಾಶ ಸಿಕ್ಕಿತೆಂದು, "ಈಗಲೇ ಮಾಡ್ತೀನ್ರೀ" ಎಂದು ಕತ್ತರಿ ಎತ್ತಿಕೊಂಡೆ. ಮರುದಿನ ದೊಡ್ಡವರು ಬಂದಾಗ ದಾರಿಯ ಎಡಗಡೆ ಹುಲುಗಪ್ಪ ಸಂಜೆ ಸವರಿದ ಹಸಿರು, ಬಲಗಡೆ ಹುರಿದ ಮೆಂತ್ಯ ಸೊಪ್ಪು. ಬಲಗಡೆಯದು ನನ್ನದು. ಸಾಹೇಬರು ತಾವು ಹೇಳಿದ್ದನ್ನು ಮರೆತು ನನಗೇ ಬೈದರು. ಇಂಥ ಸಾಹೇಬರು ನಿಮಗೂ ಸಿಗುತ್ತಾರೆ, ಹೆಸರು ಬೇರೆ ಇರುತ್ತದೆ ಅಷ್ಟೇ.

ಆಮೇಲೆ ಹುಲುಗಪ್ಪ ಬಂಗಲೆ ಬಿಟ್ಟು ಸಿರುಗುಪ್ಪಕ್ಕೆ ಹೋದ. ಅಲ್ಲಿ ಅಕ್ಕಿ ಗಿರಣಿಯವರೊಬ್ಬರ ಮನೆಯ ತೋಟ ಅವನ ಕೈಗೆ ಬಂತು. ನಾನೂ ಕೆಲವು ವರ್ಷದ ನಂತರ ಮನೆತೋಟಗಳ ಕೆಲಸ ಹಿಡಿದೆ. ಅವನು ಊರು ಬಿಟ್ಟ ಮೇಲಾದರೂ ನೆಮ್ಮದಿ ಎಂದುಕೊಂಡಿದ್ದೆ. ಆದರೆ ನನ್ನ ಹೆಂಡತಿ ಈರಮ್ಮನ ತವರೂ ಕುರುಗೋಡೇ. ತವರಿಗೆ ಹೋಗಿ ಬಂದಾಗಲೆಲ್ಲ, "ನಮ್ಮೂರ ಹುಲುಗಣ್ಣ ಸಿಕ್ಕಿದ್ದ, ಎಷ್ಟ್ ಚಂದ ಮಾತಾಡಸ್ತಾನ" ಎಂದು ಶುರು ಮಾಡುತ್ತಿದ್ದಳು. ಊಟದ ತಟ್ಟೆಯ ಮುಂದೆ ಆ ಹೆಸರು ಕೇಳಿದರೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನನ್ನ ಬದುಕಿನ ನಿಜವಾದ ಕೆಲಸ ಸಿಕ್ಕಿದ್ದು ಸತ್ಯನಾರಾಯಣಪೇಟೆಯಲ್ಲಿ. ಶಾರದಮ್ಮ ಟೀಚರ್ ಎಂದು ಸಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಒಬ್ಬರೇ ಇರುವವರು. ಅವರ ಮನೆಗೆ ತೋಟ ಎಂದರೆ ಮುಂದಿನ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಮಾರು ಅಗಲದ ಪಟ್ಟಿ. ಅಲ್ಲಿ ದಾಸವಾಳ ಹಾಕಿದರೆ ಗೇಟು ತೆಗೆಯಲು ಬರುವುದಿಲ್ಲ, ಕಣಗಿಲೆ ಹಾಕಿದರೆ ರಸ್ತೆಗೆ ಚಾಚುತ್ತದೆ. ಅವರು ಬೆಂಗಳೂರಲ್ಲಿ ಯಾರದೋ ಮನೆಯ ಮುಂದೆ ಬಾಕ್ಸ್‌ವುಡ್ ಗಿಡ ನೋಡಿ ಬಂದಿದ್ದರು. ಅದರಲ್ಲೂ ಅಗಲಕ್ಕೆ ಬೆಳೆಯದೆ ನೆಟ್ಟಗೆ ಮೇಲಕ್ಕೇ ಹೋಗುವ ಜಾತಿ. ಪುಟ್ಟ ಪುಟ್ಟ ದಪ್ಪ ಎಲೆ, ಒತ್ತಾಗಿ ಕೂತಿರುತ್ತದೆ, ಹಸಿರು ಕಂಬ ನೆಟ್ಟ ಹಾಗೆ ಕಾಣುತ್ತದೆ. ನಮ್ಮ ಬೀದಿಯವರು ಆಮೇಲೆ ಅದಕ್ಕೆ ಕಂಬದ ಗಿಡ ಎಂದೇ ಹೆಸರಿಟ್ಟರು.

"ವಿರುಪಾಕ್ಷಪ್ಪ, ನಾಲ್ಕು ಸಸಿ ತರಿಸೀನ್ರಿ. ನಮ್ಮ ಬಿಸಿಲಿಗೆ ಬರ್ತಾವೇನ್ರಿ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. "ಬರಲಾರದೆ ಏನ್ರೀ ಟೀಚರಮ್ಮ" ಎಂದೆ.

ಅದು ತಂಪು ಸೀಮೆಯ ಗಿಡ. ಟೀಚರಮ್ಮನ ಮನೆಯ ಮುಖ ಪೂರ್ವಕ್ಕಿದ್ದದ್ದು ನನ್ನ ಪುಣ್ಯ. ಬೆಳಗಿನ ಬಿಸಿಲು ಸಿಗುತ್ತಿತ್ತು, ಮಧ್ಯಾಹ್ನದ ನಂತರ ಮನೆಯ ನೆರಳೇ ಗಿಡಕ್ಕೆ ಕೊಡೆ. ಗುಂಡಿ ತೋಡಿ, ಎರೆಮಣ್ಣು ತೆಗೆದುಹಾಕಿ, ಮರಳು, ಕೆಮ್ಮಣ್ಣು, ಹಳೆಯ ಗೊಬ್ಬರ ಬೆರೆಸಿದೆ. ಸಸಿ ಕುಂಡದಲ್ಲಿ ಮಣ್ಣಿನಿಂದ ಎಷ್ಟು ಮೇಲಿತ್ತೋ ಅಷ್ಟೇ ಮೇಲಿಟ್ಟು ನೆಟ್ಟೆ. ಆಳಕ್ಕೆ ಹೂತರೆ ಬುಡ ಕೊಳೆಯುತ್ತದೆ. ಅದರ ಬೇರು ಮೇಲೇ ಹರಡುತ್ತದೆ, ಆದ್ದರಿಂದ ಬುಡದ ಹತ್ತಿರ ಗುದ್ದಲಿ ಆಡಿಸಬಾರದು, ಕಳೆಯನ್ನು ಬೆರಳಲ್ಲೇ ಕೀಳಬೇಕು. ನೀರು ದೊಡ್ಡ ತಲೆನೋವು. ಬೋರಿನ ನೀರು ಉಪ್ಪು, ಬಿಟ್ಟರೆ ಎಲೆಯ ಅಂಚು ಸುಡುತ್ತಿತ್ತು. ನಲ್ಲಿ ನೀರು ಬಂದ ದಿನ ಡ್ರಮ್ಮಿಗೆ ಹಿಡಿದಿಟ್ಟುಕೊಂಡು ಅದನ್ನೇ ಹಾಕುತ್ತಿದ್ದೆ. ಅದೂ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ.

ಬಿಸಿಲು ಏರಿದ ಒಂದು ದಿನ ಟೀಚರಮ್ಮ ಮೂಗು ಮುಚ್ಚಿಕೊಂಡು ಹೊರಗೆ ಬಂದರು. "ಬೆಕ್ಕು ಎಲ್ಲೋ ಗಲೀಜು ಮಾಡೈತಿ ನೋಡ್ರಿ" ಎಂದರು. ನಾನು ಇಡೀ ಕಾಂಪೌಂಡು ತೊಳೆದೆ. ಪಕ್ಕದ ಮನೆಯ ಬೆಕ್ಕನ್ನು ಅಟ್ಟಿಸಿಕೊಂಡು ಹೋದೆ. ಅದರ ಒಡತಿಯ ಜೊತೆ ಜಗಳವೂ ಆಯಿತು. ವಾರ ಕಳೆದ ಮೇಲೆ ಗೊತ್ತಾಯಿತು, ಕಾವು ಹೆಚ್ಚಾದಾಗ ಆ ಗಿಡದ ಎಲೆಯ ವಾಸನೆಯೇ ಹಾಗೆ. ಬೆಕ್ಕಿನ ಒಡತಿ ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ.

ಈ ಗಿಡ ಬೆಳೆಯುವುದು ಬಹಳ ನಿಧಾನ. ಒಂದು ವರ್ಷಕ್ಕೆ ಗೇಣೂ ಏರುವುದಿಲ್ಲ. ನಾನು ಅವುಗಳ ಮುಂದೆ ಕೂತು ಕೂತು ಎದೆಯುದ್ದ ತಂದೆ. ನಾಲ್ಕೂ ಒಂದೇ ಎತ್ತರ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನೋಡಿ, "ಟೀಚರ್, ನಿಮ್ಮ ಗಿಡ ಭಾಳ ಚಂದ ಅದಾವ್ರಿ" ಎನ್ನುತ್ತಿದ್ದರು. ಅಲ್ಲೇ ಕತ್ತರಿ ಹಿಡಿದು ಕೂತ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಮನೆತೋಟದ ಮಾಲಿಯ ಪಾಡೇ ಇದು. ನಾನು ಟೀಚರಮ್ಮನ ಮೇಲೂ ಒಂದಿಷ್ಟು ಹೊಟ್ಟೆ ಉರಿದುಕೊಂಡೆ. ಆದರೆ ಅವರು ಸಂಜೆ ಚಹಾ ಕೊಟ್ಟು ತಾವೇ ಎದುರು ಕುರ್ಚಿ ಹಾಕಿಕೊಂಡು ಕೂರುವವರು. ಅವರ ಮೇಲೆ ಉರಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಈರಮ್ಮ ತವರಿನಿಂದ ಸುದ್ದಿ ತಂದಳು. ಸಿರುಗುಪ್ಪದ ಗಿರಣಿಯವರ ಮನೆಯ ಮುಂದೆಯೂ ಕಂಬದ ಗಿಡ ಹಾಕಿದ್ದಾರೆ, ಹುಲುಗಣ್ಣ ಬೆಳೆಸಿದ್ದಾನೆ, ಜನ ಹಾಡಿ ಹೊಗಳುತ್ತಾರೆ ಎಂದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೇಶನೂರಿನಲ್ಲಿ ಒಬ್ಬ ದೂರದ ನೆಂಟನಿದ್ದ, ಅವನನ್ನು ನೋಡಿ ಬಹಳ ದಿನವಾಯಿತು ಎಂದು ಹೆಂಡತಿಗೆ ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ. ಇಷ್ಟು ಸಿಹಿ ನೀರಿದ್ದರೆ ಯಾರು ಬೇಕಾದರೂ ಬೆಳೆಸುತ್ತಾರೆ ಎಂದು ಮನಸ್ಸಿನಲ್ಲೇ ಅವನನ್ನು ಸೋಲಿಸುತ್ತಾ ಹೋದೆ.

ಗಿರಣಿಯವರ ಮನೆ ಸಿಕ್ಕಿತು. ಕಾಂಪೌಂಡಿನ ಮೇಲೆ ಕತ್ತು ಚಾಚಿ ನೋಡಿದೆ. ನೋಡಬಾರದಿತ್ತು. ಅವನ ಗಿಡಗಳು ನನ್ನವಕ್ಕಿಂತ ಸಪೂರ, ನನ್ನವಕ್ಕಿಂತ ನೆಟ್ಟಗೆ. ಬುಡದಿಂದ ತುದಿಯ ತನಕ ಒಂದೇ ಹಸಿರು. ನನ್ನವು ಅವುಗಳ ಮುಂದೆ ಉಂಡು ತೇಗಿದ ಸೋದರಮಾವಂದಿರ ಹಾಗೆ ಕಾಣುತ್ತಿದ್ದವು.

"ಒಳಗ ಬಾರಲೇ ವಿರುಪಾಕ್ಷಿ," ಎಂದಿತು ಒಂದು ದನಿ. ಹುಲುಗಪ್ಪ ಗೇಟಿನ ಹತ್ತಿರ ಕೂತಿದ್ದ. "ಗ್ವಾಡಿ ಮ್ಯಾಲಿಂದ ಯಾಕ ನೋಡ್ತಿ? ಗೇಟ್ ತೆರದೇ ಐತಿ."

"ದೇಶನೂರಿಗೆ ಹೊಂಟಿದ್ನಿ. ಹಂಗ ಬಂದೆ," ಎಂದೆ.

"ದೇಶನೂರಿನ ದಾರಿ ಇದಲ್ಲ," ಎಂದು ನಕ್ಕ. ಚಹಾ ತರಿಸಿದ. ಗಿಡಗಳ ಬುಡಕ್ಕೆ ಹರಡಿದ ಭತ್ತದ ಹೊಟ್ಟು ತೋರಿಸಿದ, ಮಣ್ಣು ತಂಪಾಗಿರುತ್ತದೆ ಎಂದ. ಕೊನೆಗೆ ನಾನು ತಡೆಯಲಾರದೆ, ಇಷ್ಟು ಸಪೂರ ಹೇಗೆ ಮಾಡಿದೆ ಎಂದು ಕೇಳಿದೆ.

"ಏನಿಲ್ಲಲೇ. ಮ್ಯಾಲ ಮ್ಯಾಲ ಸವರಬ್ಯಾಡ. ಒಳಗ ಕೈ ಹಾಕಿ ಅಲ್ಲೊಂದು ಇಲ್ಲೊಂದು ಕಡ್ಡಿ ಮುರಿ. ಗಾಳಿ ಹೋಗ್ಲಿ, ಬೆಳಕು ಹೋಗ್ಲಿ. ಬುಡ ಒಂದೀಟು ಅಗಲ ಬಿಡು, ತುದಿ ಸಣ್ಣ ಮಾಡು. ಅಷ್ಟ."

ನಾನು ಬಸ್ಸಿನಲ್ಲಿ ಕೂತು ಯೋಚಿಸಿದೆ. ಯಾವ ಮಾಲಿಯೂ ತನ್ನ ಗುಟ್ಟನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಇವನು ನನ್ನನ್ನು ದಾರಿ ತಪ್ಪಿಸಲು ಹೇಳಿದ್ದಾನೆ, ನಿಜವಾಗಿ ಗಿಡವನ್ನು ಕಟ್ಟುತ್ತಾನೆ ಎಂದು ತೀರ್ಮಾನಿಸಿದೆ. ಮರುದಿನವೇ ಬಾಳೆ ನಾರು ನೆನೆಸಿ, ನಾಲ್ಕೂ ಗಿಡಗಳಿಗೆ ಬುಡದಿಂದ ತುದಿಯವರೆಗೆ ಜೋಳದ ಸಿವುಡು ಬಿಗಿದಂತೆ ಬಿಗಿದೆ. ನಾರು ಕಾಣದಂತೆ ಎಲೆ ಮುಚ್ಚಿದೆ. ಒಂದೇ ದಿನದಲ್ಲಿ ಗಿಡಗಳು ಸಪೂರವಾದವು. ಟೀಚರಮ್ಮ, "ಅಯ್ಯ, ಎಷ್ಟ್ ನಾಜೂಕಾಗ್ಯಾವ್ರಿ!" ಎಂದರು. ಅವತ್ತು ನಾನು ಎರಡು ತಟ್ಟೆ ಒಗ್ಗಾಣಿ ತಿಂದೆ.

ಬೇಸಿಗೆ ಮುಗಿದು ಒಂದೆರಡು ಮಳೆ ಬಿದ್ದ ಮೇಲೆ ನಾರು ಬಿಚ್ಚಿ ನೋಡಿದರೆ ಒಳಗೆಲ್ಲ ಒಣಗಿ ಬೂಸಲು ಹಿಡಿದಿತ್ತು. ಹೊರಗಿನ ಹಸಿರು ಬರೀ ಅಂಗಿ. ಬಿಚ್ಚಿದ ಕೂಡಲೇ ಕಡ್ಡಿಗಳು ನಾಲ್ಕೂ ದಿಕ್ಕಿಗೆ ಬಿದ್ದುಕೊಂಡವು. ಟೀಚರಮ್ಮ ಬಂದು ನೋಡಿದರು. ಒಳಗೆ ಹೋಗಿ ಚಹಾ ತಂದು ಕೊಟ್ಟರು. ಆವತ್ತಿನ ಚಹಾ ಕುಡಿಯುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಯಿತು.

ಆಮೇಲೆ ನಾನು ಹುಲುಗಪ್ಪ ಹೇಳಿದ್ದನ್ನೇ ಮಾಡಿದೆ. ಒಣಗಿದ್ದೆಲ್ಲ ಕೈಯಿಂದ ಮುರಿದು ತೆಗೆದೆ, ಬೆಳಕು ಬಿಟ್ಟೆ, ಹೊಟ್ಟು ತರಿಸಿ ಬುಡಕ್ಕೆ ಹರಡಿದೆ, ಕಾದೆ. ಗಿಡಗಳು ತಿರುಗಿ ಕಂಬವಾಗಲು ವರ್ಷಗಳೇ ಬೇಕಾದವು. ನೀವು ಇದನ್ನು ಕಲಿಯಿರಿ: ಕಂಬದ ಗಿಡವನ್ನು ಕಟ್ಟಿ ಸಪೂರ ಮಾಡಲು ಹೋಗಬೇಡಿ. ಅವನು ಹೇಳಿದ್ದು ನಿಜವೇ ಆಗಿತ್ತು ಎನ್ನುವುದಕ್ಕೂ ನನಗೆ ಅವನ ಮೇಲೆ ಸಿಟ್ಟು ಬಂತು. ಸುಳ್ಳಾದರೂ ಹೇಳಿದ್ದರೆ ಬೈಯಲು ಒಂದು ಕಾರಣ ಸಿಗುತ್ತಿತ್ತು.

ಕಾಲ ಬದಲಾಯಿತು. ಈಗಿನವರು ಬ್ಯಾಟರಿ ಮಷೀನು ತರುತ್ತಾರೆ, ಗಿರ್ ಎಂದು ಒಂದು ಗಳಿಗೆಯಲ್ಲಿ ಮುಗಿಸುತ್ತಾರೆ. ಬೇಲಿ ಸಾಲಿಗಾದರೆ ಸರಿ. ಆದರೆ ಈ ಗಿಡದ ಮೇಲೆ ಬಾಯಿ ಮೊಂಡಾದ ಮಷೀನು ಆಡಿಸಿದರೆ ಎಲೆ ಹರಿದು ಅಂಚು ಕಂದಾಗುತ್ತದೆ. ಡ್ರಿಪ್ ಪೈಪು ಒಳ್ಳೆಯದೇ, ನಮ್ಮ ಕಾಲದಲ್ಲಿ ಇದ್ದಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು. ಗಿಡಕ್ಕೆ ರೋಗ ಬಂದರೆ ಫೋನಿನಲ್ಲಿ ಫೋಟೋ ಹೊಡೆದು ಔಷಧಿ ಕೇಳುತ್ತಾರೆ. ಕೇಳಲಿ. ಮುಟ್ಟಿ ನೋಡುವುದನ್ನು ಮಾತ್ರ ಬಿಡಬಾರದು.

ನನ್ನ ಬಲಗೈ ನಡುಗಲು ಶುರುವಾದಾಗ ಮೊದಲು ಮುಚ್ಚಿಟ್ಟೆ. ಕತ್ತರಿ ಹಿಡಿದರೆ ಅದರ ಬಾಯಿ ತಾನೇ ಕಟಕಟ ಎನ್ನುತ್ತಿತ್ತು. ಒಂದು ದಿನ ಟೀಚರಮ್ಮನಿಗೆ, ಇನ್ನು ನನ್ನಿಂದ ಆಗುವುದಿಲ್ಲ ಎಂದೆ. ಅವರು ಕಣ್ಣು ಒರೆಸಿಕೊಂಡರು. ಮುಂದಿನ ವಾರ ಈರಮ್ಮ ಸುದ್ದಿ ತಂದಳು. ಸಿರುಗುಪ್ಪದ ಗಿರಣಿಯವರು ಕಾರು ನಿಲ್ಲಿಸಲು ಗಿಡಗಳನ್ನೆಲ್ಲ ಕಿತ್ತುಹಾಕಿ ನೆಲಕ್ಕೆ ಕಲ್ಲು ಹಾಸಿದ್ದಾರೆ. ಹುಲುಗಣ್ಣ ಬಳ್ಳಾರಿಗೆ ಮಗಳ ಮನೆಗೆ ಬಂದಿದ್ದಾನೆ. ಶಾರದಮ್ಮ ಟೀಚರ್ ಅವನನ್ನೇ ಕೆಲಸಕ್ಕೆ ಕರೆದಿದ್ದಾರೆ.

ನನ್ನ ಗಿಡಗಳು ಅವನ ಕೈಗೆ! ಊರಲ್ಲಿ ಬೇರೆ ಮಾಲಿಗಳೆಲ್ಲ ಸತ್ತುಹೋಗಿದ್ದರೇ? ಅವತ್ತಿನಿಂದ ನಾನು ದಿನಾ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಆ ಬೀದಿಗೆ ಹೋಗತೊಡಗಿದೆ. ಏನಾದರೂ ತಪ್ಪು ಸಿಗಲಿ ಎಂದು ನೋಡುತ್ತಿದ್ದೆ. ಸಿಕ್ಕಿತು ಕೂಡ. ನೀರು ಸರಿಯಾಗಿ ಹಾಕುತ್ತಿದ್ದ, ಕಳೆ ಕೀಳುತ್ತಿದ್ದ, ಆದರೆ ಗಿಡ ಸವರುತ್ತಲೇ ಇರಲಿಲ್ಲ. ನಾಲ್ಕೂ ಗಿಡ ಕೂದಲು ಬಿಟ್ಟುಕೊಂಡು ಕೆದರಿ ನಿಂತವು. ನನಗಾದ ಖುಷಿ ಹೇಳತೀರದು. ಮನೆಗೆ ಬಂದು ಈರಮ್ಮನಿಗೆ, "ನಿಮ್ಮೂರ ಹುಲುಗಣ್ಣನ ಕೆಲಸ ನೋಡ್ಹೋಗು" ಎಂದೆ.

ಮಳೆಗಾಲ ಬಂತು. ಗಿಡಗಳು ಇನ್ನಷ್ಟು ಕೆದರಿದವು. ಒಂದು ಬೆಳಿಗ್ಗೆ ಯಾರೋ ಇಬ್ಬರು ಗೇಟಿನ ಮುಂದೆ ನಿಂತು, "ಮೊದಲ ಎಷ್ಟ್ ಚಂದ ಇದ್ವು" ಎಂದು ಹೋದರು. ಆಗ ಮಾತ್ರ ನನ್ನ ಖುಷಿ ಆರಿಹೋಯಿತು. ಕೆಟ್ಟದ್ದು ಅವನ ಹೆಸರಲ್ಲ, ನನ್ನ ಗಿಡ. ಸೀದಾ ಗೇಟು ತಳ್ಳಿ ಒಳಗೆ ನುಗ್ಗಿದೆ. ಹುಲುಗಪ್ಪ ಮೆಟ್ಟಿಲ ಮೇಲೆ ಕೂತು ಮೇಸ್ತ್ರಿಯ ಹಳೆಯ ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದ.

"ಏನಲೇ, ಗಿಡ ಅಂದ್ರ ಏನ್ ತಿಳಿದೀ? ನಾನು ಮಕ್ಕಳಂಗ ಸಾಕಿದ್ದು. ಕೈಗೆ ಏನ್ ಆಗೇತಿ ನಿನಗ?"

"ನಂಗೇನೂ ಆಗಿಲ್ಲ," ಎಂದ. "ನೀ ಬರ್ಲಿ ಅಂತ ಕುಂತೀನಿ. ಅಳತಿ ಗಿಡ ಆಗೋತನಕ ಉಳಿದವನ್ನ ನಾ ಹೆಂಗ ಮುಟ್ಲಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅಷ್ಟರಲ್ಲಿ ಟೀಚರಮ್ಮ ಹೊರಗೆ ಬಂದರು. "ನಾನೂ ಹೇಳಿ ಹೇಳಿ ಸಾಕಾತ್ರಿ ವಿರುಪಾಕ್ಷಪ್ಪ. ಈ ಗಿಡ ಬೆಳೆಸಿದೋನು ಮೊದಲಿಂದು ಸವರಬೇಕಂತ. ದಿನಾ ಗೇಟಿನ ಮುಂದ ಹೋಗ್ತಾನ, ಒಂದಿನ ಒಳಗ ಬಂದೇ ಬರ್ತಾನ ಅಂತ ಕಾಯಾಕತ್ಯಾನ."

"ನಂಗ ಭಿಕ್ಷಾ ಹಾಕ್ತೀ ಏನಲೇ?" ಎಂದೆ. "ನನ್ನ ಕೈ ನಡಗ್ತೈತಿ, ಕಾಣವಲ್ದಾ?"

"ಕಾಣ್ತೈತಿ. ಕತ್ತರಿ ಹಿಡಿ."

ಮೇಸ್ತ್ರಿಯ ಕತ್ತರಿ ನನ್ನ ಕೈಗೆ ಕೊಟ್ಟು ಅವನು ಹಿಂದೆ ಸರಿದು ನಿಂತ. ಮೋಡ ಕವಿದಿತ್ತು, ಸವರಲು ಸರಿಯಾದ ಹವೆ. ಗೇಟಿನ ಪಕ್ಕದ ಮೊದಲ ಗಿಡದ ಮುಂದೆ ಕೂತೆ. ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದೆ. ಮೂರೂ ಕೆದರಿಕೊಂಡಿದ್ದವು, ನೋಡಲು ಅಲ್ಲಿ ಏನೂ ಇರಲಿಲ್ಲ. ಮೇಸ್ತ್ರಿ ಹೇಳಿದ್ದು ಆಗ ಅರ್ಥವಾಯಿತು. ನನ್ನ ಕೈಯೊಳಗೆ ಇದ್ದದ್ದನ್ನಷ್ಟೇ ನಂಬಿ ಸವರಬೇಕಿತ್ತು. ಸವರಿದೆ. ಎಡಗೈಯಿಂದ ಬಲಗೈ ಹಿಡಿದುಕೊಂಡು, ತಡೆದು ತಡೆದು, ಮಧ್ಯಾಹ್ನದ ತನಕ ಸವರಿದೆ. ಮುಗಿದ ಮೇಲೆ ದೂರ ನಿಂತು ನೋಡಿದರೆ ಗಿಡ ಚೆನ್ನಾಗಿಯೇ ಬಂದಿತ್ತು, ಆದರೆ ತುದಿಯ ಹತ್ತಿರ ಕೈ ನಡುಗಿ ಗೇಟಿನ ಕಡೆಗೆ ಚೂರು ವಾಲಿತ್ತು. ನೋಡಿದವರಿಗೆ ಕಾಣುವಷ್ಟು.

ನನಗೆ ಅಳುವೇ ಬಂತು. ಕತ್ತರಿ ಅಲ್ಲೇ ಇಟ್ಟು ಮನೆಗೆ ಹೋದೆ. ನಾಳೆ ಅವನ ಮೂರು ಗಿಡ ದಾರ ಹಿಡಿದಂತೆ ನೆಟ್ಟಗೆ ನಿಂತಿರುತ್ತವೆ, ಅವುಗಳ ಪಕ್ಕದಲ್ಲಿ ನನ್ನದೊಂದು ಕುಡಿದವನ ಹಾಗೆ ವಾಲಿರುತ್ತದೆ, ಬೀದಿಯವರು ನೋಡಿ ನಗುತ್ತಾರೆ ಎಂದುಕೊಂಡೆ. ಎರಡು ದಿನ ಆ ಬೀದಿಯ ಕಡೆಗೆ ಹೋಗಲಿಲ್ಲ.

ಮೂರನೆಯ ದಿನ ಈರಮ್ಮನೇ ಎಳೆದುಕೊಂಡು ಹೋದಳು. ದೂರದಿಂದಲೇ ಕಾಣಿಸಿತು. ನಾಲ್ಕೂ ಗಿಡ ಸವರಿ ಮುಗಿದಿದ್ದವು. ನಾಲ್ಕೂ ತುದಿಯಲ್ಲಿ ಗೇಟಿನ ಕಡೆಗೆ ಚೂರು ವಾಲಿದ್ದವು. ನನ್ನದು ಎಷ್ಟು ವಾಲಿತ್ತೋ ಅಷ್ಟೇ, ಒಂದು ಎಲೆ ಹೆಚ್ಚಿಲ್ಲ, ಒಂದು ಎಲೆ ಕಡಿಮೆ ಇಲ್ಲ. ಹೊಸದಾಗಿ ನೋಡುವವರಿಗೆ ಬೇಕೆಂದೇ ಹಾಗೆ ಸವರಿದ್ದಾರೆ, ಬಂದವರಿಗೆ ತಲೆಬಾಗಿಸಿ ನಿಂತಿವೆ ಎನ್ನಿಸಬೇಕು. ಟೀಚರಮ್ಮನ ಬಳಿ ಯಾರೋ ಹಾಗೆಯೇ ಅಂದರಂತೆ.

ಸೊಟ್ಟ ಗಿಡ ನೋಡಿಕೊಂಡು ಸೊಟ್ಟಗೆ ಸವರುವುದು ನೆಟ್ಟಗೆ ಸವರುವುದಕ್ಕಿಂತ ಎಷ್ಟು ಕಷ್ಟ ಎಂದು ಕತ್ತರಿ ಹಿಡಿದವರಿಗೆ ಗೊತ್ತು. ನನ್ನ ಕೈ ಚೆನ್ನಾಗಿದ್ದ ಕಾಲದಲ್ಲಿ ನಾನೂ ಪ್ರಯತ್ನಪಟ್ಟರೆ ಅದನ್ನು ಮಾಡಬಲ್ಲವನಾಗಿದ್ದೆ. ಆದರೆ ಮಾಡುತ್ತಿರಲಿಲ್ಲ. ಅವನ ಗಿಡ ವಾಲಿದ್ದರೆ ನಾನು ಉಳಿದ ಮೂರನ್ನೂ ನೆಟ್ಟಗೆ ಸವರಿ, ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಗೇಟಿನ ಸರಳು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಅಳತೆಯ ಗಿಡ ಅವನಿಗೆ ಸಿಕ್ಕಾಗ, ಮೇಸ್ತ್ರಿಯ ಕತ್ತರಿ ಅವನಿಗೆ ಸಿಕ್ಕಾಗ, ಸಿರುಗುಪ್ಪದಲ್ಲಿ ಅವನ ಗಿಡ ನೋಡಿದಾಗ, ಆ ಯಾವ ಸಲವೂ ನನ್ನ ಹೊಟ್ಟೆ ಅವತ್ತು ಉರಿದಷ್ಟು ಉರಿದಿರಲಿಲ್ಲ.